ಅರಿವಳಿಕೆ: ಆಪರೇಷನ್‌ಗೆ ಮುಂಚೆ ಜನ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬೆಂಗಳೂರಿನಲ್ಲಿ ಅರಿವಳಿಕೆ ಡಾಕ್ಟರ್. ಜನ ನಮ್ಮನ್ನು 'ಮತ್ತು ಬರೋ ಇಂಜೆಕ್ಷನ್ ಕೊಡೋರು' ಅಂತ ಕರೆಯುತ್ತಾರೆ. ಅನಸ್ತೇಶಿಯಾ ಅನ್ನುವ ಮಾತೂ ಈಗ ಎಲ್ಲರ ಬಾಯಲ್ಲಿದೆ. ಹಿಂದಿನ ದಿನ ವಾರ್ಡಿಗೆ ಹೋದಾಗ, ಓಟಿ (ಆಪರೇಷನ್ ಥಿಯೇಟರ್) ಬಾಗಿಲ ಹತ್ತಿರ, ಕೆಲವೊಮ್ಮೆ ಮದುವೆ ಮನೆಯ ಊಟದ ಪಂಕ್ತಿಯಲ್ಲೂ ಜನ ನನ್ನನ್ನು ಕೇಳಿರುವ ಪ್ರಶ್ನೆಗಳು ಇವು. ನಿಮ್ಮ ಡಾಕ್ಟರ್ ನಿಮ್ಮನ್ನು ನೋಡಿ ಹೇಳುವ ಮಾತಿನ ಜಾಗಕ್ಕೆ ಇದು ಬರುವುದಿಲ್ಲ. ಆದರೆ ಓದಿಕೊಂಡು ಹೋದರೆ ಅವರ ಹತ್ತಿರ ಏನು ಕೇಳಬೇಕು, ಅದಕ್ಕಿಂತ ಮುಖ್ಯವಾಗಿ ಏನು ಮುಚ್ಚಿಡಬಾರದು ಅನ್ನುವುದು ಗೊತ್ತಿರುತ್ತದೆ.

ಇಂಜೆಕ್ಷನ್ ಕೊಟ್ಟ ಮೇಲೆ ನೀವು ಹೊರಗೆ ಹೋಗಿಬಿಡ್ತೀರಾ?

ಇಲ್ಲ. ಎಲ್ಲಕ್ಕಿಂತ ಜಾಸ್ತಿ ಕೇಳುವ ಪ್ರಶ್ನೆ ಇದು, ಅದಕ್ಕೇ ಮೊದಲು ಇಟ್ಟಿದ್ದೇನೆ. ಆಪರೇಷನ್ ಮುಗಿದು, ನೀವು ಕಣ್ಣು ಬಿಟ್ಟು, ಹೆಸರು ಕೇಳಿದರೆ ಹೇಳುವ ತನಕ ಅರಿವಳಿಕೆ ಡಾಕ್ಟರ್ ನಿಮ್ಮ ತಲೆಯ ಹತ್ತಿರವೇ ಇರಬೇಕು.

ಪೂರ್ತಿ ಅರಿವಳಿಕೆ ಅಂದರೆ ನಿದ್ದೆ ಅಂತ ಎಲ್ಲರೂ ತಿಳಿದಿದ್ದಾರೆ. ನಾವೂ ಮಕ್ಕಳಿಗೆ ಹಾಗೇ ಹೇಳುತ್ತೇವೆ. ಆದರೆ ನಿದ್ದೆಯಲ್ಲಿರುವವರನ್ನು ಚಿವುಟಿದರೆ ಎಚ್ಚರ ಆಗುತ್ತದೆ, ಅಲ್ವಾ? ಇಲ್ಲಿ ಹಾಗಲ್ಲ. ಪ್ರಜ್ಞೆ ಇರುವುದಿಲ್ಲ, ನೋವು ಮುಟ್ಟುವುದಿಲ್ಲ, ಬಹಳ ಸಲ ಮೈಯ ಸ್ನಾಯುಗಳನ್ನೆಲ್ಲ ಸಡಿಲ ಮಾಡಿರುತ್ತೇವೆ. ಉಸಿರಾಡುವ ಸ್ನಾಯುಗಳೂ ಅದರಲ್ಲಿ ಸೇರಿವೆ. ಹಾಗಾಗಿ ನಿಮ್ಮ ಉಸಿರನ್ನು ನಾವು ಆಡಿಸುತ್ತಿರುತ್ತೇವೆ. ರಕ್ತ ಹೋದರೆ, ಬಿಪಿ ಇಳಿದರೆ, ಎದೆಬಡಿತ ತಪ್ಪಿದರೆ ಅದನ್ನು ಆ ಕ್ಷಣವೇ ಸರಿ ಮಾಡಬೇಕು. ಸರ್ಜನ್ ಗಮನ ಗಾಯದ ಮೇಲಿರುತ್ತದೆ, ನಮ್ಮ ಗಮನ ಇಡೀ ಮನುಷ್ಯನ ಮೇಲೆ.

ಕೋವಿಡ್ ಸಮಯದಲ್ಲಿ ಬೆರಳಿಗೆ ಹಾಕುವ ಒಂದು ಕ್ಲಿಪ್ ಮನೆಮನೆಗೂ ಬಂತಲ್ಲ, ಪಲ್ಸ್ ಆಕ್ಸಿಮೀಟರ್, ಅದು ನಮ್ಮ ಓಟಿಯ ಹಳೇ ಒಡನಾಡಿ. ಅದರ ಹಿಂದಿನ ಲೆಕ್ಕ ಹೊಳೆದಿದ್ದು ಜಪಾನಿನ ಎಂಜಿನಿಯರ್ ಟಕುವೊ ಅಓಯಾಗಿ ಅವರಿಗೆ, 1970ರ ದಶಕದ ಶುರುವಿನಲ್ಲಿ. ಓಟಿಯ ಮಾನಿಟರ್‌ನಲ್ಲಿ ಅದಕ್ಕೊಂದು ದನಿ ಇರುತ್ತದೆ. ರಕ್ತದಲ್ಲಿ ಆಮ್ಲಜನಕ ಇಳಿದರೆ ಆ ದನಿಯ ಶ್ರುತಿಯೂ ಇಳಿಯುತ್ತದೆ. ಬೆನ್ನು ತಿರುಗಿಸಿ ಸಿರಿಂಜಿಗೆ ಔಷಧಿ ತುಂಬುತ್ತಿದ್ದರೂ ನಮ್ಮ ಕಿವಿ ಅಲ್ಲೇ ಇರುತ್ತದೆ. ಇನ್ನೊಂದು ಉಪಕರಣ ಕ್ಯಾಪ್ನೋಗ್ರಾಫ್. ನೀವು ಬಿಡುವ ಉಸಿರಿನಲ್ಲಿ ಎಷ್ಟು ಕಾರ್ಬನ್ ಡೈಆಕ್ಸೈಡ್ ಇದೆ ಅಂತ ಅಲೆಯ ಹಾಗೆ ತೋರಿಸುತ್ತದೆ. ಗಂಟಲಿಗೆ ಹಾಕಿದ ಟ್ಯೂಬ್ ಶ್ವಾಸನಾಳಕ್ಕೆ ಹೋಗಿದೆಯೋ ಅನ್ನನಾಳಕ್ಕೆ ಹೋಗಿದೆಯೋ ಅಂತ ಕೆಲವೇ ಉಸಿರಿನಲ್ಲಿ ಹೇಳಿಬಿಡುತ್ತದೆ. ನೀವು ಅಡ್ಮಿಟ್ ಆಗುವ ಜಾಗದಲ್ಲಿ ಇವೆರಡೂ ಇವೆಯಾ ಅಂತ ಕೇಳಿ. ಸಂಕೋಚ ಬೇಡ.

ಸರ್ಜನ್ ಎಲ್ಲ ನೋಡಿದ್ದಾರಲ್ಲ, ಮತ್ತೆ ಅರಿವಳಿಕೆ ಚೆಕಪ್ ಯಾಕೆ?

ಈ ಚೆಕಪ್ಪಿಗೆ ಆಸ್ಪತ್ರೆಗಳಲ್ಲಿ ಪಿಎಸಿ ಅನ್ನುತ್ತಾರೆ. 'ಪಿಎಸಿ ಫಿಟ್ನೆಸ್ ಆಗಬೇಕು' ಅಂತ ಸಿಸ್ಟರ್ ಹೇಳಿದರೆ ಇದೇ. ಜನ ಇದನ್ನು ಇನ್ನೊಂದು ಬಿಲ್ ಅಂದುಕೊಳ್ಳುತ್ತಾರೆ. ನನಗೆ ಬೇಜಾರಾಗುವುದು ಅಲ್ಲೇ. ಇಡೀ ಆಪರೇಷನ್‌ನಲ್ಲಿ ನಿಮ್ಮ ಜೀವಕ್ಕೆ ಜಾಸ್ತಿ ಉಪಯೋಗ ಆಗುವ ಹದಿನೈದು ನಿಮಿಷ ಇದು.

ನಾವು ಬಾಯಿ ತೆಗೆಸುತ್ತೇವೆ. ಎಷ್ಟು ಬೆರಳು ಹಿಡಿಸುತ್ತದೆ ನೋಡುತ್ತೇವೆ. ಕುತ್ತಿಗೆ ಹಿಂದಕ್ಕೆ ಬಾಗುತ್ತದಾ, ಹಲ್ಲು ಅಲ್ಲಾಡುತ್ತದಾ, ಕಟ್ಟಿಸಿದ ಹಲ್ಲಿದೆಯಾ ಅಂತ ನೋಡುತ್ತೇವೆ. ಎರಡು ಮಹಡಿ ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದಾ ಅಂತ ಕೇಳುತ್ತೇವೆ. ಹೃದಯದ ಎಕೋ ಸ್ಕ್ಯಾನ್ ರಿಪೋರ್ಟಿಗಿಂತ ಈ ಒಂದು ಉತ್ತರ ನನಗೆ ಎಷ್ಟೋ ಸಲ ಜಾಸ್ತಿ ಹೇಳಿದೆ. ರಾತ್ರಿ ಗೊರಕೆ ಹೊಡೆಯುತ್ತಾ ಮಧ್ಯೆ ಉಸಿರು ನಿಂತಂತಾಗುತ್ತದಾ ಅಂತಲೂ ಕೇಳುತ್ತೇವೆ. ಇದಕ್ಕೆ ಉತ್ತರ ಹೆಂಡತಿಯೋ ಗಂಡನೋ ಕೊಡಬೇಕು, ಮಲಗಿದವರಿಗೆ ಗೊತ್ತಿರುವುದಿಲ್ಲ. ಮನೆಯಲ್ಲಿ ಯಾರಿಗಾದರೂ ಅರಿವಳಿಕೆಯಲ್ಲಿ ತೊಂದರೆ ಆಗಿತ್ತಾ ಅನ್ನುವುದೂ ಬೇಕು. ಮೈ ಒಮ್ಮೆಗೇ ಸುಡುವ ಹಾಗೆ ಬಿಸಿಯಾಗುವ ಒಂದು ಅಪರೂಪದ ತೊಂದರೆ ವಂಶದಲ್ಲಿ ಬರುತ್ತದೆ. ಮೊದಲೇ ಗೊತ್ತಿದ್ದರೆ ಅದನ್ನು ಎಬ್ಬಿಸುವ ಔಷಧಿಗಳನ್ನು ನಾವು ಮುಟ್ಟುವುದೇ ಇಲ್ಲ.

ಬೆಂಗಳೂರಿನ ಎಷ್ಟೋ ಸಣ್ಣ ನರ್ಸಿಂಗ್ ಹೋಮ್‌ಗಳಿಗೆ ಸ್ವಂತ ಅರಿವಳಿಕೆ ಡಾಕ್ಟರ್ ಇರುವುದಿಲ್ಲ. ಫೋನ್ ಮಾಡಿ ಕರೆಸುತ್ತಾರೆ. ಬೆಳಗ್ಗೆ ಜಯನಗರದಲ್ಲಿ ಒಂದು ಕೇಸ್, ಹನ್ನೊಂದಕ್ಕೆ ರಾಜಾಜಿನಗರದಲ್ಲಿ, ಸಂಜೆ ಯಲಹಂಕದಲ್ಲಿ. ನಾನೂ ಕೆಲವು ವರ್ಷ ಹಾಗೇ ಓಡಾಡಿದ್ದೇನೆ. ಆಗ ಒಂದು ಕಡೆ ಹರ್ನಿಯಾ ಆಪರೇಷನ್ ಇತ್ತು. ನಾನು ಟ್ರಾಫಿಕ್ ದಾಟಿ ತಲುಪುವಷ್ಟರಲ್ಲಿ ರೋಗಿಯನ್ನು ಟೇಬಲ್ ಮೇಲೆ ಮಲಗಿಸಿ ಡ್ರಿಪ್ ಹಾಕಿದ್ದರು. ಬಾಯಿ ತೆಗೆಯಿರಿ ಅಂದೆ. ಒಂದು ಬೆರಳು ಕಷ್ಟದಲ್ಲಿ ಹೋಗುವಷ್ಟು ಮಾತ್ರ ತೆರೆಯಿತು. ಇಪ್ಪತ್ತು ವರ್ಷ ಅಡಿಕೆ, ಗುಟ್ಕಾ ಅಗಿದವರು. ಬಾಯಿಯ ಒಳಗಿನ ಚರ್ಮ ಗಟ್ಟಿಯಾಗಿ ದವಡೆ ಬಿಗಿದುಕೊಂಡಿತ್ತು. ಅಂಥವರಿಗೆ ಸುಮ್ನೆ ಮತ್ತು ಕೊಟ್ಟುಬಿಟ್ಟಿದ್ದರೆ ಗಂಟಲಿಗೆ ಟ್ಯೂಬ್ ಹಾಕಲು ದಾರಿಯೇ ಇರುತ್ತಿರಲಿಲ್ಲ. ಆಪರೇಷನ್ ನಿಲ್ಲಿಸಿದೆ. ಸರ್ಜನ್‌ಗೆ ಸಿಟ್ಟು ಬಂತು, ಮನೆಯವರಿಗೂ ಬಂತು. ಎರಡು ದಿನದ ಮೇಲೆ ದೊಡ್ಡ ಆಸ್ಪತ್ರೆಯಲ್ಲಿ, ಅವರು ಎಚ್ಚರವಿದ್ದಾಗಲೇ ಮೂಗಿನಿಂದ ತೆಳುವಾದ ಕ್ಯಾಮೆರಾ ಇಳಿಸಿ ಟ್ಯೂಬ್ ಹಾಕಿ, ಆಮೇಲೆ ಮತ್ತು ಕೊಟ್ಟೆವು. ಹಿಂದಿನ ದಿನ ಯಾರಾದರೂ ಒಬ್ಬರು ಆ ಬಾಯಿ ನೋಡಿದ್ದರೆ ಈ ಗಾಬರಿ ಯಾರಿಗೂ ಬೇಕಿರಲಿಲ್ಲ.

ಅದಕ್ಕೇ ಹೇಳುತ್ತೇನೆ. ಆಸ್ಪತ್ರೆ ಎಷ್ಟೇ ಸಣ್ಣದಿರಲಿ, 'ಅರಿವಳಿಕೆ ಡಾಕ್ಟರ್ ಯಾರು, ಹಿಂದಿನ ದಿನ ನಮ್ಮನ್ನು ನೋಡ್ತಾರಾ' ಅಂತ ಕೇಳಿ. ಹೆಸರು ಬರೆದುಕೊಳ್ಳಿ. ಎಂಬಿಬಿಎಸ್ ಆದಮೇಲೆ ಅರಿವಳಿಕೆಯಲ್ಲಿ ಎಂಡಿ, ಡಿಎನ್‌ಬಿ ಅಥವಾ ಡಿಪ್ಲೊಮಾ ಮಾಡಿದವರಿರಬೇಕು. ಮೈಯ ಕೆಳಭಾಗ ಮರಗಟ್ಟಿಸಲು ಬೆನ್ನಿಗೆ ಇಂಜೆಕ್ಷನ್ ಕೊಟ್ಟವರೇ ಕೈ ತೊಳೆದು ಆಪರೇಷನ್‌ಗೂ ನಿಲ್ಲುತ್ತಾರೆ ಅಂದರೆ ಆಗ ನಿಮ್ಮ ಬಿಪಿ, ಉಸಿರು ನೋಡಿಕೊಳ್ಳುವವರು ಯಾರೂ ಇಲ್ಲ ಅಂತಲೇ ಅರ್ಥ. ಅದಕ್ಕೆ ಒಪ್ಪಬೇಡಿ.

ಹಿಂದಿನ ರಾತ್ರಿಯಿಂದ ನೀರೂ ಕುಡಿಯಬಾರದಾ?

ಕುಡಿಯಬಹುದು. ಹಳೇ ಪದ್ಧತಿ ಇನ್ನೂ ಎಷ್ಟೋ ಕಡೆ ನಡೆಯುತ್ತಿದೆ. ರಾತ್ರಿ ಹತ್ತರಿಂದ ಏನೂ ಬೇಡ ಅಂತಾರೆ. ಆಪರೇಷನ್ ಮಾರನೇ ದಿನ ಮಧ್ಯಾಹ್ನ ಎರಡಕ್ಕೆ! ಅಷ್ಟು ಹೊತ್ತಿಗೆ ವಯಸ್ಸಾದವರ ನಾಲಿಗೆ ಒಣಗಿ, ತಲೆ ಸುತ್ತಿ, ಬಿಪಿ ಇಳಿದಿರುತ್ತದೆ. ಅಂಥವರಿಗೆ ಅರಿವಳಿಕೆ ಕೊಡುವುದು ನಮಗೂ ಕಷ್ಟ.

ಹೊಟ್ಟೆ ಯಾಕೆ ಖಾಲಿ ಇರಬೇಕು ಅಂದರೆ, ಅರಿವಳಿಕೆ ಕೊಟ್ಟಾಗ ಗಂಟಲಿನ ಕಾವಲು ಕೆಲಸ ಮಾಡುವುದಿಲ್ಲ. ಹೊಟ್ಟೆಯಲ್ಲಿರುವುದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಕುತ್ತು. ಆದರೆ ನೀರು ಹೊಟ್ಟೆಯಲ್ಲಿ ಜಾಸ್ತಿ ಹೊತ್ತು ನಿಲ್ಲುವುದಿಲ್ಲ. ಹಾಗಾಗಿ ಲೆಕ್ಕ ಹೀಗಿದೆ. ಇಡ್ಲಿ, ಬ್ರೆಡ್‌ನಂಥ ಹಗುರ ತಿಂಡಿಗೆ 6 ಗಂಟೆ. ಬಿರಿಯಾನಿ, ಪೂರಿ, ಕರಿದ ಪದಾರ್ಥ, ಮಾಂಸಕ್ಕೆ 8 ಗಂಟೆ. ಎದೆಹಾಲಿಗೆ 4 ಗಂಟೆ, ಬೇರೆ ಹಾಲಿಗೆ 6. ನೀರಿಗೆ 2 ಗಂಟೆ ಸಾಕು.

ನಮ್ಮ ಕಡೆ ಗೊಂದಲ ಆಗುವುದು ಕಾಫಿಯಲ್ಲಿ. 'ನಾನು ಏನೂ ತಿಂದಿಲ್ಲ ಡಾಕ್ಟ್ರೇ, ಬರೀ ಕಾಫಿ' ಅಂತಾರೆ. ಹಾಲು ಹಾಕಿದ ಫಿಲ್ಟರ್ ಕಾಫಿ ನಮ್ಮ ಲೆಕ್ಕದಲ್ಲಿ ತಿಂಡಿ. ಮಜ್ಜಿಗೆ, ರಾಗಿ ಅಂಬಲಿ, ಹಾರ್ಲಿಕ್ಸ್ ಕೂಡ ತಿಂಡಿ. ಲೋಟದ ಹಿಂದೆ ಪೇಪರ್ ಹಿಡಿದರೆ ಅಕ್ಷರ ಓದಲು ಆಗುವಂಥದ್ದು ಮಾತ್ರ ನೀರಿನ ಸಾಲಿಗೆ ಸೇರುತ್ತದೆ. ಡಿಕಾಕ್ಷನ್‌ಗೆ ಬಿಸಿನೀರು ಬೆರೆಸಿ, ಹಾಲಿಲ್ಲದೆ ತೆಳ್ಳಗೆ ಮಾಡಿಕೊಂಡರೆ ಆಗಬಹುದು. ಗಂಜಿ ಬಾರದ ಹಾಗೆ ಸೋಸಿದ ಎಳನೀರೂ ಆಗುತ್ತದೆ. ಕಿಡ್ನಿ ತೊಂದರೆ ಇದ್ದರೆ ಮಾತ್ರ ಎಳನೀರು ಬೇಡ, ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ.

ತುರ್ತು ಆಪರೇಷನ್‌ಗೆ, ತುಂಬು ಗರ್ಭಿಣಿಯರಿಗೆ, ಬಹಳ ದಿನದಿಂದ ಶುಗರ್ ಇರುವವರಿಗೆ ಈ ಗಂಟೆಗಳನ್ನು ನಂಬಿ ನಾವು ಕೂರುವುದಿಲ್ಲ. ಅವರ ಹೊಟ್ಟೆ ನಿಧಾನ. ನಿಮ್ಮ ಕೇಸ್ ಹಿಂದಕ್ಕೆ ಹೋದರೆ 'ಇನ್ನೊಂದು ಲೋಟ ನೀರು ಕುಡಿಯಲಾ' ಅಂತ ಸಿಸ್ಟರನ್ನು ಕೇಳಿ. ಕೇಳದೆ ಕುಡಿಯಬೇಡಿ, ಕೇಳದೆ ಒಣಗಲೂ ಬೇಡಿ.

ಒಮ್ಮೆ ನಾಲ್ಕು ವರ್ಷದ ಮಗುವಿಗೆ ಟಾನ್ಸಿಲ್ ಆಪರೇಷನ್ ಇತ್ತು. ಹಸಿವಿಗೆ ಅಳುತ್ತಿತ್ತು ಅಂತ ಅಜ್ಜಿ ಯಾರಿಗೂ ಕಾಣದ ಹಾಗೆ ಅರ್ಧ ಬಾಳೆಹಣ್ಣು ತಿನ್ನಿಸಿದ್ದರು. ಓಟಿ ಬಾಗಿಲಲ್ಲಿ ನಾನು ಕೇಳಿದಾಗ ಮಗ, ಸೊಸೆ ಇಬ್ಬರೂ 'ಏನೂ ಕೊಟ್ಟಿಲ್ಲ' ಅಂದರು. ಹಿಂದೆ ನಿಂತಿದ್ದ ಅಜ್ಜಿ ಮೆಲ್ಲಗೆ ಮುಂದೆ ಬಂದು ನಿಜ ಹೇಳಿದರು. ಮಗ ರೇಗಿದ. ನಾನು ಆ ಅಜ್ಜಿಯ ಕೈ ಹಿಡಿದುಕೊಂಡೆ. ಆ ದಿನ ಆ ಮಗುವನ್ನು ಕಾಪಾಡಿದವರು ಅವರೇ. ಆಪರೇಷನ್ ಮಧ್ಯಾಹ್ನ ಮಾಡಿದೆವು, ಅಷ್ಟೇ.

ತೂಕ ಇಳಿಸುವ ಇಂಜೆಕ್ಷನ್ ತಗೋತಿದ್ದೀನಿ. ಹೇಳಲೇಬೇಕಾ?

ಹೇಳಲೇಬೇಕು. ಈಗ ನಮ್ಮ ಕೆಲಸದಲ್ಲಿ ಹೊಸದಾಗಿ ಬಂದಿರುವ ದೊಡ್ಡ ಚಿಂತೆ ಇದು. ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಅಂತ ಇವುಗಳ ಹೆಸರು. 2025ರಲ್ಲಿ ಇವುಗಳ ಬ್ರ್ಯಾಂಡ್‌ಗಳಾದ ಮೌಂಜಾರೊ, ವೆಗೊವಿ ಎರಡೂ ನಮ್ಮ ದೇಶದ ಮಾರುಕಟ್ಟೆಗೆ ಬಂದವು. ಈ ಔಷಧಿಗಳು ಹೊಟ್ಟೆ ಖಾಲಿಯಾಗುವುದನ್ನು ನಿಧಾನ ಮಾಡುತ್ತವೆ. ಹಸಿವು ಕಮ್ಮಿಯಾಗಲು ಅದೂ ಒಂದು ಕಾರಣ. ಅಂದರೆ ಮೇಲೆ ಹೇಳಿದ 6 ಗಂಟೆ, 8 ಗಂಟೆಯ ಲೆಕ್ಕ ಇವರಿಗೆ ಸುಳ್ಳಾಗಬಹುದು. ರಾತ್ರಿಯ ಊಟ ಬೆಳಗ್ಗೆಯೂ ಹೊಟ್ಟೆಯಲ್ಲೇ ಇರಬಹುದು.

2023ರಲ್ಲಿ ಅಮೆರಿಕದ ಅರಿವಳಿಕೆ ತಜ್ಞರ ಸಂಘ, ವಾರಕ್ಕೊಮ್ಮೆ ತಗೊಳ್ಳುವ ಇಂಜೆಕ್ಷನ್ನನ್ನು ಒಂದು ವಾರ ಮುಂಚೆ ನಿಲ್ಲಿಸಿ ಅಂತ ಹೇಳಿತು. 2024ರಲ್ಲಿ ಬೇರೆ ತಜ್ಞರ ಸಂಘಗಳ ಜೊತೆ ಸೇರಿ ಆ ಮಾತನ್ನು ಸಡಿಲ ಮಾಡಿತು. ಎಲ್ಲರೂ ನಿಲ್ಲಿಸಬೇಕಿಲ್ಲ. ಹೊಸದಾಗಿ ಶುರು ಮಾಡಿ ಡೋಸ್ ಏರಿಸುತ್ತಿರುವವರು, ಜಾಸ್ತಿ ಡೋಸ್‌ನಲ್ಲಿ ಇರುವವರು, ವಾಂತಿ, ಹೊಟ್ಟೆ ಉಬ್ಬರ ಇರುವವರು ಹುಷಾರಾಗಿರಬೇಕು. ಅಂಥವರಿಗೆ ಹಿಂದಿನ ಇಡೀ ದಿನ ಬರೀ ದ್ರವ ಆಹಾರ ಕೊಡಬಹುದು. ಅನುಮಾನ ಇದ್ದರೆ ಹೊಟ್ಟೆಗೆ ಅಲ್ಟ್ರಾಸೌಂಡ್ ಇಟ್ಟು ಒಳಗೆ ಊಟ ಇದೆಯಾ ಅಂತ ನಾವೇ ನೋಡಿಕೊಳ್ಳಬಹುದು.

ಇದನ್ನೆಲ್ಲ ಮಾಡಬೇಕಾದರೆ ನಮಗೆ ವಿಷಯ ಗೊತ್ತಿರಬೇಕಲ್ಲ? ಬಹಳ ಜನ ಇದನ್ನು ಮನೆಯವರಿಗೂ ಹೇಳದೆ ತಗೊಳ್ಳುತ್ತಾರೆ. 'ಯಾವ ಮಾತ್ರೆ ತಗೋತೀರಿ' ಅಂತ ಕೇಳಿದರೆ ಇಂಜೆಕ್ಷನ್ ನೆನಪಿಗೆ ಬರುವುದಿಲ್ಲ. ಬೇಗ ತೂಕ ಇಳಿದವರಿಗೆ ಪಿತ್ತಕೋಶದಲ್ಲಿ ಕಲ್ಲಾಗುವುದು ಜಾಸ್ತಿ. ಆ ಕಲ್ಲಿನ ಆಪರೇಷನ್‌ಗೇ ನಮ್ಮ ಮುಂದೆ ಬಂದು ಮಲಗುತ್ತಾರೆ. ಎಲ್ಲರ ಮುಂದೆ ಹೇಳಲು ಇಷ್ಟ ಇಲ್ಲದಿದ್ದರೆ 'ಡಾಕ್ಟ್ರೇ, ಒಂದು ನಿಮಿಷ ಒಬ್ಬರೇ ಮಾತಾಡಬೇಕು' ಅನ್ನಿ. ಉಳಿದವರನ್ನು ನಾವು ಹೊರಗೆ ಕಳಿಸುತ್ತೇವೆ.

ಶುಗರ್, ಬಿಪಿ, ರಕ್ತ ತೆಳು ಮಾಡುವ ಮಾತ್ರೆ: ಯಾವುದು ನಿಲ್ಲಿಸಬೇಕು?

ನೀವಾಗಿಯೇ ಯಾವುದನ್ನೂ ನಿಲ್ಲಿಸಬೇಡಿ, ಪಕ್ಕದ ಮನೆಯವರ ಮಾತು ಕೇಳಿ ನಿಲ್ಲಿಸುವುದಂತೂ ಬೇಡವೇ ಬೇಡ. ಮಾತ್ರೆಗಳ ಸ್ಟ್ರಿಪ್‌ಗಳನ್ನೆಲ್ಲ ಒಂದು ಕವರಿಗೆ ಹಾಕಿ ಚೆಕಪ್ಪಿಗೆ ತನ್ನಿ. 'ಸಣ್ಣದು, ಬಿಳಿ ಮಾತ್ರೆ' ಅಂದರೆ ನಮಗೆ ಗೊತ್ತಾಗುವುದಿಲ್ಲ.

ಒಂದು ಗುಂಪಿನ ಬಗ್ಗೆ ಮಾತ್ರ ಒತ್ತಿ ಹೇಳುತ್ತೇನೆ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್, ಹೀಗೆ 'ಗ್ಲಿಫ್ಲೋಜಿನ್' ಅಂತ ಕೊನೆಯಾಗುವ ಶುಗರ್ ಮಾತ್ರೆಗಳು. ಇವನ್ನು ಸಾಮಾನ್ಯವಾಗಿ ಆಪರೇಷನ್‌ಗೆ 3 ದಿನ ಮುಂಚೆ ನಿಲ್ಲಿಸಬೇಕು. ಉಪವಾಸ ಇದ್ದಾಗ ಇವುಗಳಿಂದ ರಕ್ತದಲ್ಲಿ ಆಮ್ಲ ಜಾಸ್ತಿಯಾಗಬಹುದು. ಶುಗರ್ ನೋಡಿದರೆ ಹೆಚ್ಚುಕಮ್ಮಿ ಸರಿಯಾಗೇ ಇರುತ್ತದೆ, ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ. ಈಗ ಇವನ್ನು ಹೃದಯಕ್ಕೂ ಕಿಡ್ನಿಗೂ ಕೊಡುತ್ತಾರೆ. ಆದ್ದರಿಂದ 'ನನಗೆ ಶುಗರೇ ಇಲ್ಲ' ಅನ್ನುವವರ ಕವರಿನಲ್ಲೂ ಈ ಮಾತ್ರೆ ಇರುತ್ತದೆ.

ಬಿಪಿಗೆ, ಹೃದಯಕ್ಕೆ ಕೊಡುವ ಮೆಟೊಪ್ರೊಲಾಲ್, ಅಟೆನೊಲಾಲ್ ತರಹದ ಮಾತ್ರೆಗಳನ್ನು ದಿಢೀರ್ ಅಂತ ಬಿಡಬಾರದು, ಆ ದಿನ ಬೆಳಗ್ಗೆಯೂ ಒಂದು ಗುಟುಕು ನೀರಿನಲ್ಲಿ ನುಂಗಬೇಕು. ಥೈರಾಯ್ಡ್ ಮಾತ್ರೆಯೂ ಹಾಗೇ. ಟೆಲ್ಮಿಸಾರ್ಟನ್, ರಾಮಿಪ್ರಿಲ್ ತರಹದ ಬಿಪಿ ಮಾತ್ರೆಯನ್ನು ಹಿಂದಿನ ದಿನದಿಂದ ಬಿಡಿ ಅಂತ ಕೆಲವರು ಹೇಳುತ್ತಾರೆ, ಅರಿವಳಿಕೆಯಲ್ಲಿ ಬಿಪಿ ಜಾಸ್ತಿ ಇಳಿಯಬಾರದು ಅಂತ. ಇನ್ಸುಲಿನ್ ಡೋಸನ್ನು ಬದಲಿಸಿ ಕೊಡುತ್ತೇವೆ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ರಕ್ತ ತೆಳು ಮಾಡುವ ಕ್ಲೊಪಿಡೊಗ್ರೆಲ್ ನಿಲ್ಲಿಸುವ ಮುಂಚೆ ಹೃದಯದ ಡಾಕ್ಟರ್, ಸರ್ಜನ್, ನಾವು ಮೂವರೂ ಮಾತಾಡಿಕೊಳ್ಳಬೇಕು. ಸ್ಟೆಂಟ್ ಮುಚ್ಚಿಕೊಂಡರೆ ಆಪರೇಷನ್‌ಗಿಂತ ದೊಡ್ಡ ಗಂಡಾಂತರ.

ಕಷಾಯ, ಆಯುರ್ವೇದದ ಮಾತ್ರೆ, ಪ್ರೋಟೀನ್ ಪುಡಿ?

ಎಲ್ಲ ಹೇಳಿ. ಬೈಯುವುದಿಲ್ಲ. ಬೆಳ್ಳುಳ್ಳಿ ಕ್ಯಾಪ್ಸೂಲ್, ಗಿಂಕೊ ಅನ್ನುವ ಗಿಡಮೂಲಿಕೆ ತರಹದವು ರಕ್ತ ಹೆಪ್ಪುಗಟ್ಟುವುದನ್ನು ತಡೆಯಬಹುದು. ಅಶ್ವಗಂಧದಿಂದ ಮಂಪರು ಜಾಸ್ತಿಯಾಗಬಹುದು. ಸಾರಿಗೆ ಹಾಕುವ ಬೆಳ್ಳುಳ್ಳಿಯಿಂದ ಏನೂ ಆಗುವುದಿಲ್ಲ.

ಕುಡಿಯೋದನ್ನ ಮನೆಯವರ ಮುಂದೆ ಹೇಗೆ ಹೇಳೋದು?

ಇದಕ್ಕೂ ಅದೇ ಉಪಾಯ, ಒಬ್ಬರೇ ಮಾತಾಡಬೇಕು ಅನ್ನಿ. ದಿನಾ ಕುಡಿಯುವವರು ಅಡ್ಮಿಟ್ ಆದ ಎರಡನೇ ಮೂರನೇ ದಿನಕ್ಕೆ ಕೈ ನಡುಗಿ, ಬೆವರಿ, ಇಲ್ಲದ್ದು ಕಂಡಂತಾಗಿ, ಫಿಟ್ಸ್ ಕೂಡ ಬರಬಹುದು. ಮೊದಲೇ ಗೊತ್ತಿದ್ದರೆ ಔಷಧಿ ಕೊಟ್ಟು ತಡೆಯುತ್ತೇವೆ. ಗೊತ್ತಿಲ್ಲದಿದ್ದರೆ ತಲೆಗೆ ಏನಾಯಿತು ಅಂತ ಸ್ಕ್ಯಾನ್ ಮಾಡಿಸುತ್ತಾ ಕೂರುತ್ತೇವೆ.

ಸಿಗರೇಟು ನಾಲ್ಕು ವಾರ ಮುಂಚೆ ಬಿಟ್ಟರೆ ಬಹಳ ಒಳ್ಳೆಯದು. ಒಂದೇ ದಿನ ಬಿಟ್ಟರೂ ರಕ್ತದಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಇಳಿಯುತ್ತದೆ. ಆದ್ದರಿಂದ 'ಇನ್ನು ಬಿಟ್ಟು ಏನು ಪ್ರಯೋಜನ' ಅನ್ನಬೇಡಿ.

ಬೆನ್ನಿಗೆ ಇಂಜೆಕ್ಷನ್ ತಗೊಂಡ್ರೆ ಜೀವನಪೂರ್ತಿ ಬೆನ್ನು ನೋವು ಬರುತ್ತಾ?

ಬೆಂಗಳೂರಿನಲ್ಲಿ ಸಿಸೇರಿಯನ್ ಆದ ಯಾವ ಅಮ್ಮನನ್ನು ಕೇಳಿದರೂ 'ಆ ಇಂಜೆಕ್ಷನ್ ಆದಾಗಿಂದ ಬೆನ್ನು ನೋವು' ಅಂತಾರೆ. ಅವರ ನೋವು ಸುಳ್ಳಲ್ಲ. ಕಾರಣ ಮಾತ್ರ ಬೇರೆ. ಒಂಬತ್ತು ತಿಂಗಳು ಹೊಟ್ಟೆಯ ಭಾರಕ್ಕೆ ಸೊಂಟ ಮುಂದಕ್ಕೆ ಬಾಗಿರುತ್ತದೆ. ಗರ್ಭಿಣಿಯ ಹಾರ್ಮೋನ್‌ಗಳಿಂದ ಕೀಲುಗಳ ಕಟ್ಟು ಸಡಿಲ ಆಗಿರುತ್ತದೆ. ಆಮೇಲೆ ಬಾಣಂತನದಲ್ಲಿ ದಿನಕ್ಕೆ ಹತ್ತು ಹನ್ನೆರಡು ಸಲ ಬಗ್ಗಿ ಕೂತು ಹಾಲು ಕುಡಿಸಬೇಕು, ಮಗು ಎತ್ತಬೇಕು. ಹೊಟ್ಟೆಯ ಸ್ನಾಯು ಸೋತಿರುತ್ತದೆ. ಸೂಜಿ ತಗೊಳ್ಳದೆ ಹೆತ್ತವರಿಗೂ ಬೆನ್ನು ನೋವು ಇಷ್ಟೇ ಇರುತ್ತದೆ ಅಂತ ಅಧ್ಯಯನಗಳು ತೋರಿಸಿವೆ. ಸೂಜಿ ಚುಚ್ಚಿದ ಜಾಗ ಎರಡು ಮೂರು ದಿನ ನೋಯಬಹುದು, ಅಷ್ಟೇ.

ಆ ಸೂಜಿಯ ದಪ್ಪ ಅರ್ಧ ಮಿಲಿಮೀಟರ್, ಅಥವಾ ಅದಕ್ಕಿಂತ ಕಮ್ಮಿ. ದೊಡ್ಡವರಲ್ಲಿ ಬೆನ್ನುಹುರಿ ಸೊಂಟದ ಮೇಲ್ಭಾಗದಲ್ಲೇ ಮುಗಿಯುತ್ತದೆ. ನಾವು ಅದಕ್ಕಿಂತ ಕೆಳಗೆ ಹಾಕುತ್ತೇವೆ. ಅಲ್ಲಿ ನೀರಿನಲ್ಲಿ ತೇಲುವ ದಾರಗಳ ಹಾಗೆ ನರಗಳು ಇರುತ್ತವೆ, ಸೂಜಿ ಬಂದರೆ ಪಕ್ಕಕ್ಕೆ ಸರಿಯುತ್ತವೆ. 'ಬೆಕ್ಕಿನ ಹಾಗೆ ಬೆನ್ನು ಬಾಗಿಸಿ, ಗಲ್ಲ ಎದೆಗೆ ತಾಗಿಸಿ' ಅಂತ ನಾವು ಹೇಳುವುದು ಮೂಳೆಗಳ ನಡುವೆ ಜಾಗ ಆಗಲಿ ಅಂತ. ನೀವು ಅಲ್ಲಾಡದೆ ಕೂತರೆ ನಮ್ಮ ಕೆಲಸ ಅರ್ಧ ಮುಗಿದಂತೆ.

ಈ ಸೂಜಿಯಿಂದ ತಲೆನೋವು ಬರುವುದು ಮಾತ್ರ ನಿಜ. ಈಗಿನ ತೆಳು ಸೂಜಿಯಲ್ಲಿ ನೂರಕ್ಕೆ ಒಬ್ಬರ ಆಸುಪಾಸಿನಲ್ಲಿ ಬರುತ್ತದೆ. ಎದ್ದು ಕೂತರೆ ಜಾಸ್ತಿ, ಮಲಗಿದರೆ ಕಮ್ಮಿ. 1898ರಲ್ಲಿ ಜರ್ಮನಿಯ ಆಗಸ್ಟ್ ಬಿಯರ್ ಮೊದಲ ಸಲ ಈ ವಿಧಾನ ಮಾಡಿದಾಗ ತನ್ನ ಮೇಲೂ ಪ್ರಯೋಗ ಮಾಡಿಸಿಕೊಂಡು ದಿನಗಟ್ಟಲೆ ಇದೇ ತಲೆನೋವು ಅನುಭವಿಸಿದರು. ನಿಮಗೆ ಬಂದರೆ ಮನೆಯಲ್ಲಿ ಸಹಿಸಿಕೊಂಡು ಮಲಗಬೇಡಿ, ನಮಗೆ ಫೋನ್ ಮಾಡಿ. ಮಾತ್ರೆ, ಕಾಫಿಯಲ್ಲಿರುವ ಕೆಫೀನ್‌ನಿಂದ ಕಮ್ಮಿಯಾಗದಿದ್ದರೆ ನಿಮ್ಮದೇ ಸ್ವಲ್ಪ ರಕ್ತವನ್ನು ಬೆನ್ನಿನ ಆ ಜಾಗಕ್ಕೆ ಕೊಟ್ಟು ಸೂಜಿಯ ರಂಧ್ರ ಮುಚ್ಚುವ ಚಿಕಿತ್ಸೆ ಇದೆ.

ಹೆರಿಗೆ ನೋವಿಗೆ ಎಪಿಡ್ಯೂರಲ್ ತಗೊಂಡ್ರೆ ಸಿಸೇರಿಯನ್ ಆಗುತ್ತೆ ಅಂತಾರೆ?

ಎಪಿಡ್ಯೂರಲ್ ಅಂದರೆ ಬೆನ್ನಿನಲ್ಲಿ ತೆಳು ಟ್ಯೂಬ್ ಇಟ್ಟು ನೋವು ತಡೆಯುವ ಔಷಧಿ ಕೊಡುವುದು. ಈಗ ಕೊಡುವ ಕಮ್ಮಿ ಡೋಸ್‌ನಲ್ಲಿ ಹಾಗೆ ಆಗುವುದಿಲ್ಲ. ಮಗು ಹೊರಬರುವ ಕೊನೆಯ ಹಂತ ಸ್ವಲ್ಪ ಉದ್ದ ಆಗಬಹುದು. ತಾಯಿಗೆ ಎಚ್ಚರ ಇರುತ್ತದೆ, ಮಗು ಅತ್ತಿದ್ದು ಕೇಳಿಸುತ್ತದೆ, ಹಾಲು ಕುಡಿಸಲು ತೊಂದರೆ ಇಲ್ಲ.

ಆದರೆ ಈ ಪ್ರಶ್ನೆಯನ್ನು ಹೆರುವವಳು ಕೇಳುವುದು ಕಮ್ಮಿ. ಅವಳ ಅಮ್ಮ, ಅತ್ತೆ, ಗಂಡ ಕೇಳುತ್ತಾರೆ. 'ನಾವೆಲ್ಲ ಹೆರಲಿಲ್ವಾ' ಅನ್ನುವ ಮಾತು ಬಂದೇ ಬರುತ್ತದೆ. 1853ರಲ್ಲಿ ಜಾನ್ ಸ್ನೋ ಅನ್ನುವ ಡಾಕ್ಟರ್ ವಿಕ್ಟೋರಿಯಾ ರಾಣಿಯ ಹೆರಿಗೆಗೆ ಕ್ಲೋರೋಫಾರ್ಮ್ ಕೊಟ್ಟರು. ರಾಣಿಗೆ ಬೇಕು ಅನ್ನಿಸಿದ್ದು ಅವಳಿಗೆ ಸಿಕ್ಕಿತು. ನಮ್ಮ ಮನೆಯ ಹೆಣ್ಣುಮಗಳು ಬೇಕು ಅಂದರೆ ಅವಳ ಮಾತೇ ಸಾಕು ಅಂತ ನಾನು ನಂಬಿದ್ದೇನೆ. ಬೇಡ ಅಂದರೂ ಅವಳ ಮಾತೇ ಸಾಕು.

ಆಪರೇಷನ್ ಮಧ್ಯದಲ್ಲಿ ಎಚ್ಚರ ಆಗಿಬಿಟ್ರೆ?

ಬಹಳ ಅಪರೂಪ, ಆದರೆ ಆಗುವುದೇ ಇಲ್ಲ ಅಂತ ಹೇಳಲಾರೆ. ಬ್ರಿಟನ್ ಮತ್ತು ಐರ್ಲೆಂಡಿನಲ್ಲಿ ದೊಡ್ಡದಾಗಿ ಮಾಡಿದ ಸಮೀಕ್ಷೆ 2014ರಲ್ಲಿ ಹೊರಬಂತು. ಪೂರ್ತಿ ಅರಿವಳಿಕೆ ಪಡೆದ ಸುಮಾರು 19,000 ಜನರಲ್ಲಿ ಒಬ್ಬರು ಹೀಗಾಯಿತು ಅಂತ ಹೇಳಿದ್ದರು. ಪೂರ್ತಿ ಮತ್ತಿನಲ್ಲಿ ಮಾಡಿದ ಸಿಸೇರಿಯನ್‌ನಲ್ಲಿ ಅದು ಸುಮಾರು 670ಕ್ಕೆ ಒಬ್ಬರು. ಅಲ್ಲಿ ಮಗುವಿಗೆ ಅಂತ ಮೊದಮೊದಲು ಔಷಧಿ ಕಮ್ಮಿ ಕೊಡುವುದೂ, ಅವಸರವೂ ಕಾರಣ.

ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಮಾಡುವ ಆಪರೇಷನ್‌ನಲ್ಲಿ ಮಾತು ಕೇಳಿಸುವುದು, ಯಾರೋ ಮುಟ್ಟಿದಂತೆ, ಎಳೆದಂತೆ ಅನ್ನಿಸುವುದು ಸಹಜ. ನೋವು ಆಗಬಾರದು. ನೋವಾದರೆ ತಕ್ಷಣ ಹೇಳಿ. 'ಸ್ವಲ್ಪ ತಡ್ಕೊಳ್ಳಿ' ಅನ್ನುವುದು ಒಳ್ಳೆಯ ಉತ್ತರ ಅಲ್ಲ.

ಮಗುವಿಗೆ ಅರಿವಳಿಕೆ ಕೊಟ್ರೆ ಬುದ್ಧಿ ಮಂದ ಆಗುತ್ತಾ?

2016ರಲ್ಲಿ ಅಮೆರಿಕದ ಔಷಧ ಇಲಾಖೆ ಒಂದು ಎಚ್ಚರಿಕೆ ಕೊಟ್ಟಿತು. ಮೂರು ವರ್ಷದ ಒಳಗಿನ ಮಕ್ಕಳಿಗೆ 3 ಗಂಟೆಗಿಂತ ಉದ್ದದ ಅಥವಾ ಪದೇ ಪದೇ ಕೊಡುವ ಅರಿವಳಿಕೆ ಬಗ್ಗೆ ಅದು. ಅಪ್ಪ ಅಮ್ಮಂದಿರ ಭಯ ಶುರುವಾಗಿದ್ದು ಅಲ್ಲಿಂದ. 2019ರಲ್ಲಿ ಒಂದು ಒಳ್ಳೆಯ ಅಧ್ಯಯನದ ಫಲಿತಾಂಶ ಬಂತು. ಹಸುಗೂಸಾಗಿದ್ದಾಗ ಹರ್ನಿಯಾ ಆಪರೇಷನ್‌ಗೆ ಒಂದು ಗಂಟೆಗಿಂತ ಕಮ್ಮಿ ಅರಿವಳಿಕೆ ಪಡೆದವರನ್ನೂ, ಎಚ್ಚರ ಇರುವಾಗಲೇ ಕೆಳಭಾಗ ಮಾತ್ರ ಮರಗಟ್ಟಿಸಿದವರನ್ನೂ ಐದು ವರ್ಷ ಆದಾಗ ಹೋಲಿಸಿದರು. ಬುದ್ಧಿಶಕ್ತಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಬೇಕಾದ ಆಪರೇಷನ್ನನ್ನು ಈ ಭಯಕ್ಕೆ ಮುಂದೂಡಬೇಡಿ. ಮುಂದೂಡಿದರೂ ನಡೆಯುವಂಥದ್ದಾ ಅಂತ ಮಾತ್ರ ಸರ್ಜನ್ ಹತ್ತಿರ ಕೇಳಿ.

ಆಪರೇಷನ್ ಆದಮೇಲೆ ತಾತ ಏನೇನೋ ಮಾತಾಡ್ತಿದ್ದಾರೆ. ತಲೆ ಕೆಟ್ಟಿತಾ?

ಇಲ್ಲ. ಇದಕ್ಕೆ ಡೆಲಿರಿಯಂ ಅನ್ನುತ್ತಾರೆ. ವಯಸ್ಸಾದವರಲ್ಲಿ, ಅದರಲ್ಲೂ ಸೊಂಟದ ಮೂಳೆ ಮುರಿದು ಆಪರೇಷನ್ ಆದವರಲ್ಲಿ ಬಹಳ ನೋಡುತ್ತೇವೆ. ಹಗಲು ರಾತ್ರಿ ಗೊತ್ತಾಗುವುದಿಲ್ಲ, ಡ್ರಿಪ್ ಕಿತ್ತುಹಾಕುತ್ತಾರೆ, ಸತ್ತುಹೋದ ಅಣ್ಣನನ್ನು ಕರೆಯುತ್ತಾರೆ. ಕೆಲವರು ಹೀಗೆ ಕೂಗಾಡದೆ ಸುಮ್ಮನೆ ಮಂಕಾಗಿಬಿಡುತ್ತಾರೆ. ಅದು ಯಾರ ಕಣ್ಣಿಗೂ ಬೀಳುವುದಿಲ್ಲ, ಅದೇ ಜಾಸ್ತಿ ಅಪಾಯ. ನೋವು, ಸೋಂಕು, ನೀರಿನಂಶ ಕಮ್ಮಿಯಾಗುವುದು, ಮೂತ್ರ ಕಟ್ಟುವುದು, ನಿದ್ದೆಗೆಡುವುದು, ಕೆಲವು ನಿದ್ದೆ ಔಷಧಿ, ಇವೆಲ್ಲ ಕಾರಣ ಆಗುತ್ತವೆ. ಹುಡುಕಿ ಸರಿ ಮಾಡಿದರೆ ಬಹುಪಾಲು ಜನ ಕೆಲವು ದಿನದಲ್ಲಿ ಮೊದಲಿನ ಹಾಗೆ ಆಗುತ್ತಾರೆ.

ಇದರಲ್ಲಿ ನಿಮ್ಮ ಕೈಯಲ್ಲಿರುವ ಔಷಧಿ ನಮ್ಮ ಹತ್ತಿರ ಇಲ್ಲ. ಕನ್ನಡಕ ಮತ್ತು ಕಿವಿಯ ಮೆಷಿನ್ ತಂದು ಹಾಕಿ. ಹಲ್ಲಿನ ಸೆಟ್ ಕೊಡಿ. ಗೋಡೆಯಲ್ಲಿ ಗಡಿಯಾರ ಕಾಣುವ ಹಾಗೆ ಮಲಗಿಸಲು ಹೇಳಿ. ಮತ್ತು ಮಾತಾಡಿ. ಬೆಂಗಳೂರಿನ ಐಸಿಯುಗಳಲ್ಲಿ ಸಿಸ್ಟರ್‌ಗಳು ಎಲ್ಲೆಲ್ಲಿಂದಲೋ ಬಂದಿರುತ್ತಾರೆ. ಮಲಯಾಳಂ, ಹಿಂದಿ, ಇಂಗ್ಲಿಷ್ ಕೇಳಿಸುತ್ತದೆ. ಮಂಡ್ಯದ ಹಳ್ಳಿಯಿಂದ ಬಂದ ಎಂಬತ್ತು ವರ್ಷದ ಅಜ್ಜಿಗೆ ಕತ್ತಲಲ್ಲಿ ಗೊತ್ತಿಲ್ಲದ ಭಾಷೆ, ಗೊತ್ತಿಲ್ಲದ ಮುಖ, ಬೀಪ್ ಶಬ್ದ. ಗಾಬರಿ ಆಗದೆ ಏನಾಗುತ್ತದೆ? ಒಬ್ಬ ಅಜ್ಜಿ ಎರಡು ರಾತ್ರಿ ಕೂಗಾಡಿದರು. ಮೂರನೇ ದಿನ ಮೊಮ್ಮಗಳನ್ನು ಅರ್ಧ ಗಂಟೆ ಒಳಗೆ ಬಿಟ್ಟೆವು. ಅವಳು ಹಸು ಕರು ಹಾಕಿದ್ದನ್ನು, ಊರಿನಲ್ಲಿ ಮಳೆ ಬಂದಿದ್ದನ್ನು ಹೇಳಿದಳು. ಅಜ್ಜಿ 'ಹೆಣ್ಣುಗರುನಾ?' ಅಂತ ಕೇಳಿದರು. ಆ ರಾತ್ರಿ ಮಲಗಿದರು. ನಿಮ್ಮ ಐಸಿಯುನಲ್ಲಿ ಒಳಗೆ ಬಿಡದಿದ್ದರೆ ಈ ಕಾರಣ ಹೇಳಿ ಕೇಳಿ.

ತಾಳಿ, ಕಾಲುಂಗುರ, ಮೂಗುತಿ ತೆಗೆಯಲೇಬೇಕಾ? ಮೆಹಂದಿ ಇದ್ರೆ?

ಲೋಹದ್ದೆಲ್ಲ ತೆಗೆಯಬೇಕು. ರಕ್ತ ನಿಲ್ಲಿಸಲು ವಿದ್ಯುತ್ ಬಳಸುವಾಗ ಸುಡಬಹುದು, ಬೆರಳು ಊದಿದರೆ ಉಂಗುರ ಬಿಗಿಯುತ್ತದೆ. ತಾಳಿ ತೆಗೆಯಲು ಮನಸ್ಸು ಒಪ್ಪದವರು ಬರೀ ಅರಿಶಿನದ ದಾರ ಕಟ್ಟಿಕೊಂಡು ಬರುತ್ತಾರೆ, ನಮಗೆ ಅದು ಸರಿ. ನೇಲ್ ಪಾಲಿಶ್, ಕಪ್ಪು ಮೆಹಂದಿ ಇದ್ದರೆ ಬೆರಳಿನ ಕ್ಲಿಪ್ ತಪ್ಪು ಲೆಕ್ಕ ತೋರಿಸಬಹುದು. ಕಡೇಪಕ್ಷ ಒಂದೆರಡು ಬೆರಳಾದರೂ ಖಾಲಿ ಇರಲಿ.

ಆಮೇಲೆ ನೋವು ಎಷ್ಟಿರುತ್ತೆ? ತಡ್ಕೋಬೇಕಾ?

ತಡೆದುಕೊಳ್ಳಬೇಡಿ. ನೋವಿಗೆ ಆಳವಾಗಿ ಉಸಿರು ಎಳೆಯದೆ, ಕೆಮ್ಮದೆ ಮಲಗಿದವರಿಗೆ ಕಫ ಕಟ್ಟಿ ನ್ಯುಮೋನಿಯಾ ಆಗುತ್ತದೆ. ನಡೆಯದವರಿಗೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಹುದು. ಈಗ ಅಲ್ಟ್ರಾಸೌಂಡ್‌ನಲ್ಲಿ ನರ ನೋಡಿಕೊಂಡು ಅದರ ಪಕ್ಕಕ್ಕೇ ಮರಗಟ್ಟುವ ಔಷಧಿ ಕೊಡುತ್ತೇವೆ. ಮೊಣಕಾಲು ಬದಲಿಸಿಕೊಂಡವರು ಅದೇ ದಿನ ಸಂಜೆ ವಾಕರ್ ಹಿಡಿದು ನಾಲ್ಕು ಹೆಜ್ಜೆ ಇಡುವುದು ಇದರಿಂದಲೇ. ಸೊನ್ನೆಯಿಂದ ಹತ್ತರಲ್ಲಿ ನೋವು ಎಷ್ಟು ಅಂತ ಸಿಸ್ಟರ್ ಕೇಳಿದಾಗ ಮರ್ಯಾದೆಗೆ ಅಂತ ಎರಡು ಅನ್ನಬೇಡಿ.

ವಾಂತಿಯ ಬಗ್ಗೆಯೂ ಮೊದಲೇ ಹೇಳಿ. ಹೆಂಗಸರಿಗೆ, ಸಿಗರೇಟು ಸೇದದವರಿಗೆ, ಘಾಟಿ ರಸ್ತೆಯ ಬಸ್ಸಿನಲ್ಲಿ ವಾಂತಿ ಆಗುವವರಿಗೆ ಅರಿವಳಿಕೆ ಆದಮೇಲೂ ವಾಂತಿ ಜಾಸ್ತಿ. ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ಕವರ್ ಹಿಡಿದು ಕೂರುವವರಾದರೆ ಅದು ನಮಗೆ ಉಪಯೋಗದ ಮಾಹಿತಿ. ಎರಡು ಮೂರು ಬೇರೆ ಬೇರೆ ಔಷಧಿ ಮೊದಲೇ ಕೊಟ್ಟಿರುತ್ತೇವೆ.

ಅರಿವಳಿಕೆಯ ಗ್ಯಾಸ್ ಹವಾಮಾನಕ್ಕೆ ಕೆಟ್ಟದ್ದಂತೆ, ಹೌದಾ?

ಹೌದು. ನಮ್ಮ ಓಟಿಯಿಂದ ಹೊರಗೆ ಹೋಗುವ ಡೆಸ್‌ಫ್ಲುರೇನ್ ಅನ್ನುವ ಗ್ಯಾಸ್ ತೂಕಕ್ಕೆ ತೂಕ ಹಾಕಿದರೆ ಕಾರ್ಬನ್ ಡೈಆಕ್ಸೈಡ್‌ಗಿಂತ ಸುಮಾರು 2,500 ಪಟ್ಟು ಜಾಸ್ತಿ ಭೂಮಿಯನ್ನು ಬಿಸಿ ಮಾಡುತ್ತದೆ. ಸ್ಕಾಟ್ಲೆಂಡ್ 2023ರಲ್ಲಿ ಅದನ್ನು ಆಸ್ಪತ್ರೆಗಳಿಂದ ತೆಗೆಯಿತು. ಐರೋಪ್ಯ ಒಕ್ಕೂಟ 2026ರ ಜನವರಿಯಿಂದ, ಬೇರೆ ದಾರಿ ಇಲ್ಲದ ಸಂದರ್ಭ ಬಿಟ್ಟರೆ, ಬಳಸಬಾರದು ಅಂದಿದೆ. ಸೆವೋಫ್ಲುರೇನ್ ಅನ್ನುವ ಇನ್ನೊಂದು ಗ್ಯಾಸ್‌ನಿಂದ, ಇಲ್ಲವೇ ಡ್ರಿಪ್ ಮೂಲಕ ಕೊಡುವ ಔಷಧಿಯಿಂದ ಅದೇ ಕೆಲಸ ಆಗುತ್ತದೆ. ಗ್ಯಾಸ್ ಹರಿವನ್ನು ಕಮ್ಮಿ ಇಡುವುದೂ ನಮ್ಮ ಕೈಯಲ್ಲೇ ಇದೆ.

ಹೆಸರು ಏನು, ಯಾವ ಕಾಲು ಅಂತ ಎಷ್ಟು ಸಲ ಕೇಳ್ತೀರಾ?

ಇಂಥದ್ದನ್ನೆಲ್ಲ ಖಚಿತ ಮಾಡಿಕೊಳ್ಳಲು ವಿಶ್ವ ಆರೋಗ್ಯ ಸಂಸ್ಥೆ ಮಾಡಿದ ಒಂದು ಪಟ್ಟಿ ಇದೆ. ಅರಿವಳಿಕೆ ಕೊಡುವ ಮುಂಚೆ, ಚರ್ಮ ಕೊಯ್ಯುವ ಮುಂಚೆ, ಓಟಿಯಿಂದ ಹೊರಗೆ ಕಳಿಸುವ ಮುಂಚೆ, ಮೂರು ಸಲ ನಿಂತು ಓದಬೇಕು. ಬೇಸರ ಮಾಡಿಕೊಳ್ಳದೆ ಪ್ರತಿ ಸಲ ನೀವೇ ಬಾಯಿಬಿಟ್ಟು ಹೇಳಿ.

ಅದೇ ದಿನ ಮನೆಗೆ ಕಳಿಸ್ತಾರಂತೆ. ಸ್ಕೂಟರ್‌ನಲ್ಲಿ ಹೋಗಬಹುದಾ?

24 ಗಂಟೆ ಗಾಡಿ ಓಡಿಸುವ ಹಾಗಿಲ್ಲ. ದೊಡ್ಡ ಕಾಗದಕ್ಕೆ ಸಹಿ, ಬ್ಯಾಂಕಿನ ಕೆಲಸ, ಕುಡಿತ ಯಾವುದೂ ಬೇಡ. ತಲೆ ಸರಿಯಾಗಿದೆ ಅಂತ ನಿಮಗೆ ಅನ್ನಿಸುತ್ತದೆ, ಆದರೆ ಔಷಧಿ ಇನ್ನೂ ಮೈಯಲ್ಲಿರುತ್ತದೆ. ಸಂಜೆ ಆರಕ್ಕೆ ಡಿಸ್ಚಾರ್ಜ್ ಮಾಡಿಸಿಕೊಂಡು ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡರೆ ವಾಂತಿ ಬಂದಾಗ ಕಷ್ಟ. ಮಧ್ಯಾಹ್ನವೇ ಹೊರಡುವ ಹಾಗೆ ಬೆಳಗಿನ ಮೊದಲ ಕೇಸ್ ಕೇಳಿ.

ಜೊತೆಗೆ ದೊಡ್ಡವರೊಬ್ಬರು ಇರಲೇಬೇಕು, ರಾತ್ರಿಯೂ ಅದೇ ಮನೆಯಲ್ಲಿ ಇರಬೇಕು. ಕ್ಯಾಬ್ ಬುಕ್ ಮಾಡಿಕೊಂಡು ಒಬ್ಬರೇ ಹೋಗುತ್ತೇನೆ ಅಂದರೆ ನಾವು ಬಿಡುವುದಿಲ್ಲ. ಈ ಊರಿನಲ್ಲಿ ಪಿಜಿಯಲ್ಲಿ ಒಬ್ಬೊಬ್ಬರೇ ಇರುವ ಹುಡುಗರು, ಹುಡುಗಿಯರು ಎಷ್ಟೋ ಜನ. ಅವರಿಗೆ ಇದೇ ದೊಡ್ಡ ತೊಂದರೆ. ಗೆಳೆಯರನ್ನು ಒಂದು ದಿನ ರಜೆ ಹಾಕಿಸಿ ಕರೆದುಕೊಂಡು ಬನ್ನಿ. ಯಾರೂ ಇಲ್ಲದಿದ್ದರೆ ಚೆಕಪ್ ದಿನವೇ ಹೇಳಿ, ಒಂದು ರಾತ್ರಿ ವಾರ್ಡಿನಲ್ಲೇ ಇರಿಸಿಕೊಳ್ಳುತ್ತೇವೆ. ಬೀದರ್ ಕಡೆಯ ಒಬ್ಬ ಹುಡುಗ ಹೀಗೇ ಯಾರೂ ಇಲ್ಲ ಅಂದಿದ್ದ. ಆಪರೇಷನ್ ದಿನ ನೋಡಿದರೆ ಅವನ ಪಿಜಿ ನಡೆಸುವ ಆಂಟಿ ಬಂದು ಬೆಳಗ್ಗೆ ಏಳಕ್ಕೇ ಹೊರಗೆ ಕೂತಿದ್ದರು. ಕಾಗದ ಓದಿ, ಎರಡು ಪ್ರಶ್ನೆ ಕೇಳಿ, ಸಹಿ ಹಾಕಿದರು. ಮಾರನೇ ದಿನ ನಾನು ಫೋನ್ ಮಾಡಿದಾಗ ತೆಗೆದಿದ್ದೂ ಅವರೇ. 'ರಾತ್ರಿ ಎರಡು ಸಲ ಎದ್ದು ನೋಡಿದೆ ಡಾಕ್ಟ್ರೇ, ಉಸಿರು ಚೆನ್ನಾಗಿತ್ತು. ಈಗ ಇಡ್ಲಿ ತಿಂತಿದ್ದಾನೆ, ಕೊಡ್ತೀನಿ ಇರಿ' ಅಂದರು.